ಗುಡಿ ಕೈಗಾರಿಕೆಯ ಹೊಳಪು ಸಿಪಾಯಿಗಳು: ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

ಸುಮಾರು 1970ರಿಂದ 1990ರ ದಶಕದವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹಲವು ಮನೆಗಳ ಹಿತ್ತಲ ಕೊಠಡಿಗಳಲ್ಲಿ, ಕಾರು ನಿಲ್ಲಿಸುವ ಶೆಡ್ಡುಗಳಲ್ಲಿ, ಊಟದ ಮೇಜುಗಳ ಮೇಲೆ ಸಾವಿರಾರು ಲೋಹದ ಆಟಿಕೆ ಸಿಪಾಯಿಗಳು ತಯಾರಾದವು. ಒಬ್ಬರು ಎರಕ ಹೊಯ್ಯುತ್ತಿದ್ದರು, ಮನೆಯ ಇನ್ನೊಬ್ಬರು ಬಣ್ಣ ಹಚ್ಚುತ್ತಿದ್ದರು, ಕೆಲಸ ಹೆಚ್ಚಾದಾಗ ಊರಿನ ನಾಲ್ಕಾರು ಮಂದಿ ತಮ್ಮ ತಮ್ಮ ಮನೆಯಲ್ಲೇ ಕುಳಿತು ಕುಂಚ ಹಿಡಿಯುತ್ತಿದ್ದರು. ಐವತ್ತನಾಲ್ಕು ಮಿಲಿಮೀಟರ್ ಎತ್ತರದ, ಗಾಜಿನ ಬಳೆಯ ಹಾಗೆ ಮಿನುಗುವ ಈ ಸಿಪಾಯಿಗಳನ್ನು ಸಂಗ್ರಹಿಸಲು ಹೊರಟವರು ಏನನ್ನು ನೋಡಬೇಕು, ಎಲ್ಲಿ ಮೋಸಹೋಗುವ ಸಾಧ್ಯತೆ ಇದೆ, ಕೊಂಡು ತಂದದ್ದನ್ನು ನಮ್ಮ ಹವೆಯಲ್ಲಿ ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಕ್ರಮವಾಗಿ ವಿವರಿಸುತ್ತೇನೆ. ದೊಡ್ಡ ಕಂಪನಿಗಳ ಸಿಪಾಯಿಗಳಿಗೆ ಮುದ್ರಿತ ಕ್ಯಾಟಲಾಗುಗಳಿವೆ, ಸಂಖ್ಯೆಗಳಿವೆ. ಮನೆಯಲ್ಲಿ ಕೆಲಸ ಮಾಡಿದವರು ಬಿಟ್ಟುಹೋದ ಕಾಗದಪತ್ರ ಬಹಳ ಕಡಿಮೆ. ಆದ್ದರಿಂದ ಇಲ್ಲಿ ಹೆಸರಿಗಿಂತ ಮೊದಲು ಕೈಯನ್ನು, ಅಂದರೆ ತಯಾರಕನ ಕೈಗುಣವನ್ನು, ಓದಲು ಕಲಿಯಬೇಕಾಗುತ್ತದೆ.

ಮೊದಲು ತಿಳಿದಿರಬೇಕಾದ ಹಿನ್ನೆಲೆ

1893ರಲ್ಲಿ ಲಂಡನ್ನಿನ ಬ್ರಿಟನ್ ಕುಟುಂಬವು ಟೊಳ್ಳು ಎರಕದ ವಿಧಾನವನ್ನು ಆಟಿಕೆ ಸಿಪಾಯಿಗಳಿಗೆ ಅಳವಡಿಸಿತು. ಕರಗಿದ ಸೀಸದ ಮಿಶ್ರಲೋಹವನ್ನು ಲೋಹದ ಅಚ್ಚಿಗೆ ಸುರಿದಾಗ ಅಚ್ಚಿನ ಗೋಡೆಗೆ ತಾಗಿದ ಪದರ ಮೊದಲು ಗಟ್ಟಿಯಾಗುತ್ತದೆ; ಆ ಕ್ಷಣದಲ್ಲೇ ಅಚ್ಚನ್ನು ಬಗ್ಗಿಸಿ ಒಳಗಿನ ದ್ರವವನ್ನು ಹೊರಗೆ ಚೆಲ್ಲಿದರೆ ಒಳಗೆ ಪೊಳ್ಳಾದ, ಹಗುರವಾದ, ಅಗ್ಗದ ಸಿಪಾಯಿ ಸಿಗುತ್ತದೆ. ಅಲ್ಲಿಯವರೆಗೆ ಜರ್ಮನಿಯ ಡ್ರೆಸ್ಡೆನ್‌ನ ಹೈಡೆ, ಪ್ಯಾರಿಸ್ಸಿನ ಮಿನ್ಯೋ ಮುಂತಾದವರು ಗಟ್ಟಿ ಎರಕದ ಸಿಪಾಯಿಗಳನ್ನು ಮಾರುತ್ತಿದ್ದರು. ಬ್ರಿಟನ್ ಕುಟುಂಬದ ‘ಬ್ರಿಟನ್ಸ್’ ಕಂಪನಿ ಅವರಿಗಿಂತ ಕಡಿಮೆ ಬೆಲೆಗೆ ಮಾರಿ ಮಾರುಕಟ್ಟೆಯನ್ನು ಹಿಡಿಯಿತು. 54 ಮಿಲಿಮೀಟರ್ ಎಂಬ ಅಳತೆಯೂ ಆಗಿನ ದೊಡ್ಡ ಆಟಿಕೆ ರೈಲುಗಳ ಪ್ರಮಾಣಕ್ಕೆ ಹೊಂದಿಕೊಂಡು ಅಲ್ಲಿಂದಲೇ ಬಂದು ನೆಲೆನಿಂತಿತು. ಪ್ಲಾಸ್ಟಿಕ್ಕಿನ ಪೈಪೋಟಿ, ಸೀಸದ ಬಗ್ಗೆ ಹೆಚ್ಚಿದ ಭಯ ಎರಡೂ ಸೇರಿ 1966ರಲ್ಲಿ ಆ ಕಂಪನಿಯ ಟೊಳ್ಳು ಎರಕದ ಕೆಲಸ ನಿಂತಿತು.

ಆಟಿಕೆ ನಿಂತ ಮೇಲೆ ಅದು ಸಂಗ್ರಹದ ವಸ್ತುವಾಯಿತು. ಬಾಲ್ಯದಲ್ಲಿ ಅದರೊಡನೆ ಆಡಿದವರು ದುಡಿಯುವ ವಯಸ್ಸಿಗೆ ಬಂದಿದ್ದರು, ಹಳೆಯ ಪೆಟ್ಟಿಗೆಗಳ ಬೆಲೆ ಏರತೊಡಗಿತ್ತು. ಅದೇ ಕಾಲದಲ್ಲಿ ಮಾದರಿ ಸೈನಿಕರ ಹವ್ಯಾಸದವರೆಲ್ಲ ಹೊಳಪಿಲ್ಲದ ಬಣ್ಣ, ನೆರಳು ಬೆಳಕಿನ ಛಾಯೆ, ಬಟ್ಟೆಯ ಮಡಿಕೆಯ ನೈಜತೆ ಇವುಗಳ ಬೆನ್ನುಹತ್ತಿದ್ದರು. ಅದಕ್ಕೆ ಎದುರಾಗಿ ಒಂದಿಷ್ಟು ಜನ, ಬೇಕೆಂದೇ, ಹಳೆಯ ಆಟಿಕೆಯ ಸರಳತೆಗೆ ಮರಳಿದರು: ಒಂದೇ ಬಣ್ಣದ ಕೋಟು, ಗುಲಾಬಿ ಚುಕ್ಕೆಯ ಕೆನ್ನೆ, ಎರಡು ಕಪ್ಪು ಚುಕ್ಕೆಯ ಕಣ್ಣು, ಮೇಲೆ ಹೊಳಪಿನ ಲೇಪ. ಇಂಗ್ಲಿಷ್ ಸಂಗ್ರಾಹಕರು ಇದನ್ನು ‘ನ್ಯೂ ಟಾಯ್ ಸೋಲ್ಜರ್’ ಎಂದು ಕರೆಯುತ್ತಾರೆ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ಮತ್ತು ಜ್ಯಾನ್ ಸ್ಕ್ರೋಬಿ ದಂಪತಿ ಬ್ಲೆನ್‌ಹೈಮ್ ಎಂಬ ಹೆಸರಿನಲ್ಲಿ ಕೆಲಸ ಆರಂಭಿಸಿದರು. ಹಳೆಯ ಸಿಪಾಯಿಗಳ ವ್ಯಾಪಾರಿಯಾಗಿದ್ದ ಶೇಮಸ್ ವೇಡ್ ‘ನೊಸ್ಟಾಲ್ಜಿಯ’ ಎಂಬ ಹೆಸರಿನಲ್ಲಿ, ದೊಡ್ಡ ಕಂಪನಿಗಳು ಎಂದೂ ಮುಟ್ಟದ, ಬ್ರಿಟಿಷ್ ಸಾಮ್ರಾಜ್ಯದ ಮೂಲೆಮೂಲೆಯ ಪಡೆಗಳ ಸಿಪಾಯಿಗಳನ್ನು ತಂದರು. ಬಳಿಕ ಡಾರ್ಸೆಟ್ ಸೋಲ್ಜರ್ಸ್, ಡ್ಯೂಕಲ್, ವೇಲ್ಸ್‌ನ ಟ್ರೋಫಿ ಮಿನಿಯೇಚರ್ಸ್, ಸ್ಕ್ರೋಬಿಯವರದೇ ಮುಂದಿನ ಸಾಹಸವಾದ ಮಾರ್ಲ್‌ಬರೋ ಬಂದವು. ಇಂದು ಹೊಳಪಿಲ್ಲದ ಸಿಪಾಯಿಗಳಿಗೆ ಹೆಸರಾದ ಹಾಂಗ್‌ಕಾಂಗ್‌ನ ಕಿಂಗ್ ಆ್ಯಂಡ್ ಕಂಟ್ರಿ ಕೂಡ 1980ರ ದಶಕದಲ್ಲಿ ಹೊಳಪು ಬಣ್ಣದಿಂದಲೇ ಆರಂಭವಾದದ್ದು. ಅದರ ಮೊದಲ ವರ್ಷಗಳ ಸಿಪಾಯಿಗಳನ್ನು ಈ ಗುಂಪಿಗೇ ಸೇರಿಸಬಹುದು.

ಮೊದಲ ಹೆಜ್ಜೆ: ಸಂಗ್ರಹಕ್ಕೆ ಬೇಲಿ ಹಾಕುವುದು

ಏನನ್ನೂ ಕೊಳ್ಳುವ ಮೊದಲು ಏನನ್ನು ಕೊಳ್ಳುವುದಿಲ್ಲ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಬೇಲಿಯಿಲ್ಲದ ಸಂಗ್ರಹ ಎರಡೇ ವರ್ಷದಲ್ಲಿ ಗುಜರಿಯಾಗುತ್ತದೆ. ಒಬ್ಬನೇ ತಯಾರಕನ ಎಲ್ಲ ಕೆಲಸವನ್ನು ಕೂಡಿಸುವುದು ಒಂದು ದಾರಿ. ಇದರಿಂದ ಕಣ್ಣು ಬೇಗ ಪಳಗುತ್ತದೆ, ಏಕೆಂದರೆ ಒಂದೇ ಕೈ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತೆಂಬುದು ಸಾಲಾಗಿ ಕಾಣಿಸುತ್ತದೆ. ಒಂದೇ ವಿಷಯವನ್ನು ಹಿಡಿದು ಹಲವು ತಯಾರಕರ ಸಿಪಾಯಿಗಳನ್ನು ಕೂಡಿಸುವುದು ಎರಡನೆಯದು. ವಿಷಯ ಎಂದರೆ ವಾದ್ಯವೃಂದವಾಗಬಹುದು, ಒಂಟೆ ಪಡೆಯಾಗಬಹುದು, ಬೆಟ್ಟದ ಫಿರಂಗಿಗಳಾಗಬಹುದು. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಎರಡನೆಯ ದಾರಿಯೇ ಲೇಸು: ಒಂದೇ ಸಮವಸ್ತ್ರವನ್ನು ನಾಲ್ವರು ತಯಾರಕರು ಮಾಡಿದ್ದನ್ನು ಅಕ್ಕಪಕ್ಕ ನಿಲ್ಲಿಸಿದಾಗ ಸಿಗುವ ಪಾಠ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಕನ್ನಡಿಗರಿಗೆ ಭಾರತೀಯ ಪಡೆಗಳು ಸಹಜವಾದ ವಿಷಯ. ಬ್ರಿಟನ್ಸ್ ಕಂಪನಿಯೇ ತನ್ನ ಆರಂಭದ ವರ್ಷಗಳಲ್ಲಿ ಮದ್ರಾಸ್ ಅಶ್ವದಳ, ಬಂಗಾಳದ ಹಳದಿ ಕೋಟಿನ ಸ್ಕಿನ್ನರ್ಸ್ ಹಾರ್ಸ್, ಬಿಕಾನೇರಿನ ಒಂಟೆ ಪಡೆ ಇವುಗಳ ಪೆಟ್ಟಿಗೆಗಳನ್ನು ಮಾರಿತ್ತು, ಗುಡಿ ಕೈಗಾರಿಕೆಯವರು ಆ ಪಟ್ಟಿಯನ್ನು ಬಹಳ ದೂರಕ್ಕೆ ವಿಸ್ತರಿಸಿದರು. ಮಾರ್ಲ್‌ಬರೋದವರ 1903ರ ದೆಹಲಿ ದರ್ಬಾರಿನ ಸರಣಿ, ಅಂಬಾರಿ ಹೊತ್ತ ಆನೆಗಳೊಂದಿಗೆ, ಇಡೀ ಪ್ರಕಾರದಲ್ಲೇ ಅತ್ಯಂತ ವೈಭವದ್ದು. ಜಂಬೂ ಸವಾರಿ ನೋಡಿ ಬೆಳೆದವರ ಕಣ್ಣಿಗೆ ಅದು ಬೇರೆ ಊರಿನದೆಂದು ಅನಿಸುವುದೇ ಇಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದ ಸವಾರರೊಂದಿಗೆ ದಾಳಿ ಮಾಡಿದ ಮೈಸೂರು ಲ್ಯಾನ್ಸರ್ಸ್, ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಇವರನ್ನೂ ವಿಷಯವಾಗಿ ಇಟ್ಟುಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ: ಸಂಸ್ಥಾನಗಳ ಪಡೆಗಳ ವಿಷಯದಲ್ಲಿ ತಯಾರಕರು ಒಂದೇ ಸವಾರನ ಎರಕಕ್ಕೆ ಬೇರೆ ಬೇರೆ ಬಣ್ಣ ಹಚ್ಚಿ ಬೇರೆ ಬೇರೆ ಹೆಸರಿಟ್ಟಿರುವುದುಂಟು. ಮುಂಡಾಸಿನ ಸುತ್ತು, ಕೋಟಿನ ಉದ್ದ, ಈಟಿಯ ಬಾವುಟ ಇವುಗಳನ್ನು ಪಡೆಯ ಹಳೆಯ ಛಾಯಾಚಿತ್ರಗಳೊಡನೆ ಹೋಲಿಸಿ ನೋಡದೆ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬಾರದು.

ಎರಡನೆಯ ಹೆಜ್ಜೆ: ಕೈಯಲ್ಲಿ ಹಿಡಿದು ಓದುವುದು

ಸಿಪಾಯಿಯನ್ನು ಗುರುತಿಸುವ ಕೆಲಸ ತೂಕದಿಂದ ಆರಂಭವಾಗುತ್ತದೆ. ಹಳೆಯ ಟೊಳ್ಳು ಎರಕದ ಸಿಪಾಯಿ ಅದರ ಗಾತ್ರಕ್ಕೆ ಹಗುರ. ತಲೆಯ ಮೇಲೋ ಪಾದದ ಕೆಳಗೋ ಲೋಹ ಹೊರಬಿದ್ದ ಸಣ್ಣ ರಂಧ್ರ ಇರುತ್ತದೆ. ಗುಡಿ ಕೈಗಾರಿಕೆಯವರು ಹೆಚ್ಚಾಗಿ ಬಳಸಿದ್ದು ತವರ, ಸೀಸ, ಆಂಟಿಮನಿ ಬೆರೆಸಿದ ‘ವೈಟ್ ಮೆಟಲ್’. ಅದನ್ನು ತಿರುಗುವ ಯಂತ್ರದಲ್ಲಿಟ್ಟ ರಬ್ಬರ್ ಅಚ್ಚಿಗೆ ಸುರಿಯುತ್ತಾರೆ, ತಿರುಗುವ ರಭಸಕ್ಕೆ ಲೋಹ ಅಚ್ಚಿನ ಮೂಲೆಮೂಲೆಗೂ ನುಗ್ಗುತ್ತದೆ, ಹೊರಬರುವ ಸಿಪಾಯಿ ಒಳಗೂ ಗಟ್ಟಿ. ಆದ್ದರಿಂದ ಅಂಗೈ ಮೇಲೆ ಇಟ್ಟ ಕೂಡಲೇ ಭಾರ ತಿಳಿಯುತ್ತದೆ. ಮಾರುವವರು ‘ಯುದ್ಧಪೂರ್ವದ ಬ್ರಿಟನ್ಸ್’ ಎಂದು ಹೇಳಿದ ಸಿಪಾಯಿ ಕಲ್ಲಿನಂತೆ ಭಾರವಾಗಿದ್ದರೆ ಅಲ್ಲೇ ಮಾತು ನಿಲ್ಲಿಸಬಹುದು.

ತೂಕದ ನಂತರ ಪೀಠವನ್ನು ತಿರುಗಿಸಿ ನೋಡಬೇಕು. ತಯಾರಕನ ಹೆಸರು ಎರಕದಲ್ಲೇ ಉಬ್ಬಾಗಿ ಬಂದಿರಬಹುದು, ಮೊನಚು ಸಲಕರಣೆಯಿಂದ ಗೀಚಿರಬಹುದು, ರಬ್ಬರ್ ಮೊಹರಿನ ಶಾಯಿಯಲ್ಲಿರಬಹುದು, ಸಣ್ಣ ಕಾಗದದ ಚೀಟಿಯಾಗಿರಬಹುದು, ಅಥವಾ ಏನೂ ಇಲ್ಲದೆ ಇರಬಹುದು. ಏನೂ ಇಲ್ಲದಿರುವುದು ಈ ಪ್ರಕಾರದಲ್ಲಿ ಅಸಾಮಾನ್ಯವಲ್ಲ. ಪೆಟ್ಟಿಗೆಯೇ ಗುರುತು ಎಂದು ತಯಾರಕರು ಭಾವಿಸಿದ್ದರು. ಹೀಗಿರುವಾಗ ಪೀಠದ ಆಕಾರ, ದಪ್ಪ, ಅಂಚಿನ ಇಳಿಜಾರು, ಅದಕ್ಕೆ ಹಚ್ಚಿದ ಹಸಿರು ಬಣ್ಣದ ಛಾಯೆ ಇವೇ ಸಾಕ್ಷಿ. ಒಬ್ಬ ತಯಾರಕ ಪೀಠದ ಅಡಿಭಾಗಕ್ಕೂ ಬಣ್ಣ ಹಚ್ಚುತ್ತಾನೆ, ಇನ್ನೊಬ್ಬ ಲೋಹವನ್ನು ಹಾಗೆಯೇ ಬಿಡುತ್ತಾನೆ. ಹಸಿರು ಎಂದರೆ ಎಲ್ಲವೂ ಒಂದೇ ಹಸಿರಲ್ಲ. ಎಲೆಯ ಹಸಿರು, ಬಾಟಲಿಯ ಹಸಿರು, ಹಳದಿಗೆ ತಿರುಗಿದ ಗಿಳಿಹಸಿರು ಇವುಗಳನ್ನು ಹಗಲು ಬೆಳಕಿನಲ್ಲಿ ಹೋಲಿಸಿ ಬರೆದಿಟ್ಟುಕೊಂಡರೆ ಮುಂದೆ ಗುರುತಿಲ್ಲದ ಸಿಪಾಯಿ ಬಂದಾಗ ಕೆಲಸಕ್ಕೆ ಬರುತ್ತದೆ.

ಮೂರನೆಯದಾಗಿ ತೋಳು. ಬ್ರಿಟನ್ಸ್‌ನ ಬಹುಪಾಲು ಸಿಪಾಯಿಗಳ ಒಂದು ತೋಳು ಭುಜದಲ್ಲಿ ತಿರುಗುತ್ತದೆ. ಹೊಸ ತಯಾರಕರಲ್ಲಿ ಕೆಲವರು ಈ ಪದ್ಧತಿಯನ್ನು ಉಳಿಸಿಕೊಂಡರು, ಕೆಲವರು ತೋಳನ್ನು ಬೇರೆಯಾಗಿ ಎರಕ ಹೊಯ್ದು ಅಂಟಿನಿಂದಲೋ ಬೆಸುಗೆಯಿಂದಲೋ ಕೂಡಿಸಿದರು. ಇದರಿಂದ ಒಂದೇ ದೇಹಕ್ಕೆ ಬೇರೆ ಬೇರೆ ತೋಳು, ಬೇರೆ ಬೇರೆ ತಲೆ ಜೋಡಿಸಿ ಹತ್ತಾರು ಸಿಪಾಯಿಗಳನ್ನು ಮಾಡಲು ಸಾಧ್ಯವಾಗುತ್ತಿತ್ತು, ಮನೆಯಲ್ಲಿ ಕೆಲಸ ಮಾಡುವವರಿಗೆ ಅಚ್ಚಿನ ಖರ್ಚು ಉಳಿಯುತ್ತಿತ್ತು. ಕತ್ತಿನ ಸುತ್ತಲಿನ ಸೂಕ್ಷ್ಮ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ತಲೆ ಮೂಲದ್ದೇ, ನಂತರ ಬದಲಾಯಿಸಿದ್ದೇ ಎಂಬುದರ ಸುಳಿವು ಸಿಗುತ್ತದೆ. ಮೂಲ ತಯಾರಕ ಜೋಡಿಸಿದ ತಲೆಯ ಗೆರೆಯ ಮೇಲೆ ಬಣ್ಣ ಅಖಂಡವಾಗಿ ಹರಿದಿರುತ್ತದೆ, ನಂತರ ಕೂಡಿಸಿದ್ದರಲ್ಲಿ ಗೆರೆ ಬಣ್ಣವನ್ನು ಸೀಳಿಕೊಂಡು ಹೋಗಿರುತ್ತದೆ.

ಕೊನೆಗೆ ಮುಖ. ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಬಣ್ಣ ಹಚ್ಚಿದವರ ಸಹಿ ಎಂದರೆ ಸಿಪಾಯಿಯ ಹುಬ್ಬು ಮತ್ತು ಮೀಸೆ. ಒಬ್ಬರ ಹುಬ್ಬು ಸಣ್ಣ ಅಡ್ಡಗೆರೆ, ಇನ್ನೊಬ್ಬರದು ಬಾಗಿದ ಬಿಲ್ಲು, ಮತ್ತೊಬ್ಬರು ಹುಬ್ಬನ್ನೇ ಬಿಟ್ಟು ಕಣ್ಣಿನ ಚುಕ್ಕೆಯನ್ನು ಎತ್ತರಕ್ಕೆ ಇಡುತ್ತಾರೆ; ಕೆನ್ನೆಯ ಗುಲಾಬಿಯನ್ನು ಕೆಲವರು ಒದ್ದೆ ಬಣ್ಣದಲ್ಲಿ ಕಲಸುತ್ತಾರೆ, ಕೆಲವರು ಒಣಗಿದ ಮೇಲೆ ಚುಕ್ಕೆಯಾಗಿ ಇಡುತ್ತಾರೆ. ಭಾರತೀಯ ಸಿಪಾಯಿಗಳಲ್ಲಿ ಚರ್ಮದ ಬಣ್ಣವೂ ಒಂದು ಸಾಕ್ಷಿ: ಕೆಲವರು ಎಲ್ಲರಿಗೂ ಒಂದೇ ಕಂದು ಬಳಿದರೆ, ಶ್ರದ್ಧೆಯುಳ್ಳವರು ಸಿಖ್ ಸಿಪಾಯಿಗೂ ಮದ್ರಾಸಿನ ಸಿಪಾಯಿಗೂ ಛಾಯೆ ಬದಲಿಸಿದ್ದಾರೆ. ಒಂದು ಪೆಟ್ಟಿಗೆಯ ಆರು ಸಿಪಾಯಿಗಳಲ್ಲಿ ಐವರ ಹುಬ್ಬು ಒಂದೇ ರೀತಿ ಇದ್ದು ಆರನೆಯವನದು ಬೇರೆಯಾಗಿದ್ದರೆ, ಆತ ಬೇರೆ ಪೆಟ್ಟಿಗೆಯಿಂದ ಬಂದಿರಬಹುದು. ಅಥವಾ ಆ ವಾರ ಕುಂಚ ಹಿಡಿದವರೇ ಬೇರೆಯಾಗಿರಬಹುದು. ಇವೆರಡನ್ನು ಬೇರ್ಪಡಿಸಲು ಪೀಠದ ಹಸಿರನ್ನು ಮತ್ತೆ ನೋಡಬೇಕು. ಮುಖದಲ್ಲಿ ಕೈ ಬದಲಾಗಬಹುದು, ಆದರೆ ಒಂದೇ ಡಬ್ಬಿಯ ಹಸಿರು ಸಾಮಾನ್ಯವಾಗಿ ಇಡೀ ತಂಡಕ್ಕೆ ಹೋಗಿರುತ್ತದೆ.

ಮರುಬಣ್ಣ, ಮರುಎರಕ

ಎರಡು ಬಗೆಯ ವಂಚನೆಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಮೂಲ ಸಿಪಾಯಿಯ ಮೇಲೆ ಹೊಸದಾಗಿ ಬಣ್ಣ ಹಚ್ಚಿದ್ದು ಮರುಬಣ್ಣ. ಮೂಲ ಸಿಪಾಯಿಯನ್ನೇ ಅಚ್ಚಿಗೆ ಒತ್ತಿ ತೆಗೆದ ನಕಲು ಮರುಎರಕ. ಮರುಎರಕದ ಸಿಪಾಯಿ ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ಏಕೆಂದರೆ ಲೋಹ ತಣಿಯುವಾಗ ಕುಗ್ಗುತ್ತದೆ. ಗುಂಡಿಗಳು, ಬೆಲ್ಟಿನ ಬಕಲುಗಳು, ಬೆರಳುಗಳ ನಡುವಿನ ಗೆರೆಗಳು ಸವೆದ ನಾಣ್ಯದಂತೆ ಮಸುಕಾಗಿರುತ್ತವೆ. ಖಚಿತವಾದ ಒಂದು ಮೂಲ ಸಿಪಾಯಿ ನಿಮ್ಮಲ್ಲಿದ್ದರೆ ವರ್ನಿಯರ್ ಮಾಪಕದಿಂದ ಎರಡನ್ನೂ ಅಳೆಯಿರಿ. ಇಲ್ಲೊಂದು ತೊಡಕಿದೆ: ರಬ್ಬರ್ ಅಚ್ಚು ಹೊಯ್ದಷ್ಟೂ ಸವೆಯುವುದರಿಂದ ಪ್ರಾಮಾಣಿಕ ತಯಾರಕನ ಕೊನೆಯ ತಂಡದ ಸಿಪಾಯಿಗಳೂ ಮಸುಕಾಗಿರುತ್ತವೆ. ಹಾಗಾಗಿ ಮಸುಕು ಒಂದನ್ನೇ ಹಿಡಿದು ತೀರ್ಪು ಕೊಡಬಾರದು, ಅಳತೆಯನ್ನೂ ಸೇರಿಸಿಯೇ ನೋಡಬೇಕು.

ಮರುಬಣ್ಣವನ್ನು ಕಂಡುಹಿಡಿಯಲು ಅಗ್ಗದ ಅತಿನೇರಳೆ ಟಾರ್ಚ್ ನೆರವಾಗುತ್ತದೆ. ಕತ್ತಲ ಕೋಣೆಯಲ್ಲಿ ಅದರ ಬೆಳಕು ಹಾಯಿಸಿದಾಗ ಹಳೆಯ ಮತ್ತು ಹೊಸ ಬಣ್ಣಗಳು, ಅಂಟುಗಳು ಹಲವು ಬಾರಿ ಬೇರೆಬೇರೆ ರೀತಿಯಲ್ಲಿ ಮಿನುಗುತ್ತವೆ. ಒಮ್ಮೆ ‘ಯಾರೂ ಮುಟ್ಟದ್ದು’ ಎಂಬ ಮಾತು ನಂಬಿ ಐದು ಸವಾರರ ಪೆಟ್ಟಿಗೆಯೊಂದನ್ನು ಕೊಂಡೆ. ಮನೆಗೆ ಬಂದ ರಾತ್ರಿ ಟಾರ್ಚ್ ಹಿಡಿದಾಗ ಇಬ್ಬರು ಸವಾರರ ಬಿಳಿ ಚರ್ಮದ ಪಟ್ಟಿಗಳು ನೀಲಿಯಾಗಿ ಉರಿದವು, ಉಳಿದ ಮೂವರದು ಮಂಕಾಗಿಯೇ ಉಳಿಯಿತು. ಯಾರೋ ಸವೆದ ಬಿಳಿಯನ್ನು ತೀಡಿ ಸರಿಪಡಿಸಿದ್ದರು, ಕೆಲಸ ಚೆನ್ನಾಗಿಯೇ ಇತ್ತು, ಆದರೆ ನಾನು ಕೊಟ್ಟ ಬೆಲೆ ಮುಟ್ಟದ ಪೆಟ್ಟಿಗೆಯದು. ಅಂದಿನಿಂದ ಹಣ ಕೊಡುವ ಮೊದಲೇ ಟಾರ್ಚಿನ ಬೆಳಕಿನಲ್ಲಿ ತೆಗೆದ ಚಿತ್ರ ಕೇಳುತ್ತೇನೆ. ಕೊಡಲು ಒಪ್ಪದವರಿಂದ ಕೊಳ್ಳುವುದಿಲ್ಲ.

ಹೊಳಪಿನ ಲೇಪದ ಬಗ್ಗೆ ಇನ್ನೊಂದು ಮಾತು. ಕೆಲವು ತಯಾರಕರು ಹೊಳಪಿನ ಎನಾಮಲ್ ಬಣ್ಣವನ್ನೇ ಬಳಸಿದರು, ಕೆಲವರು ಮಂದ ಬಣ್ಣ ಹಚ್ಚಿ ಮೇಲೆ ವಾರ್ನಿಷ್ ಬಳಿದರು. ವಾರ್ನಿಷ್ ಬಳಿದವು ವರ್ಷ ಕಳೆದಂತೆ ತುಸು ಹಳದಿಗೆ ತಿರುಗುತ್ತವೆ. ಬಿಳಿ ಪ್ಯಾಂಟು ಕೆನೆಯ ಬಣ್ಣಕ್ಕೆ ಬಂದಿದ್ದರೆ ಅದು ದೋಷವೆಂದು ಬೆಲೆ ಕಡಿಮೆ ಮಾಡುವವರಿದ್ದಾರೆ. ನನಗೆ ಅದು ದೋಷವೆನಿಸುವುದಿಲ್ಲ. ನಲವತ್ತು ವರ್ಷದ ವಾರ್ನಿಷ್ ಅಪ್ಪಟ ಬಿಳಿಯಾಗಿ ಉಳಿದಿದ್ದರೇ ನಾನು ಎರಡನೆಯ ಬಾರಿ ನೋಡುತ್ತೇನೆ.

ಮೂರನೆಯ ಹೆಜ್ಜೆ: ಕೊಳ್ಳುವುದು

ಭಾರತದಲ್ಲಿ ಕುಳಿತು ಕೊಳ್ಳುವವರಿಗೆ ಮುಖ್ಯವಾಗಿ ಮೂರು ಮೂಲಗಳಿವೆ: ಬ್ರಿಟನ್ ಮತ್ತು ಅಮೆರಿಕದ ಹರಾಜು ಸಂಸ್ಥೆಗಳು, ಅಲ್ಲಿಯ ಆಟಿಕೆ ಸಿಪಾಯಿಗಳ ವ್ಯಾಪಾರಿಗಳು, ಸಂಗ್ರಹ ಬಿಡುತ್ತಿರುವ ವ್ಯಕ್ತಿಗಳು. ಲಂಡನ್ನಿನಲ್ಲೂ ಷಿಕಾಗೊದಲ್ಲೂ ಆಟಿಕೆ ಸಿಪಾಯಿಗಳ ಮೇಳಗಳು ನಡೆಯುತ್ತವೆ. ಅಲ್ಲಿ ಮಕ್ಕಳೋ ನೆಂಟರೋ ಇರುವವರು ಭೇಟಿಯ ದಿನಗಳನ್ನು ಮೇಳಕ್ಕೆ ಹೊಂದಿಸಿಕೊಂಡರೆ ಒಂದೇ ದಿನದಲ್ಲಿ ನೂರಾರು ಸಿಪಾಯಿಗಳನ್ನು ಕೈಯಲ್ಲಿ ಹಿಡಿದು ನೋಡಬಹುದು, ಆ ಒಂದು ದಿನ ಚಿತ್ರ ನೋಡಿ ಕಳೆದ ಒಂದು ವರ್ಷಕ್ಕೆ ಸಮ.

ಹರಾಜಿನಲ್ಲಿ ಗುಡಿ ಕೈಗಾರಿಕೆಯ ಸಿಪಾಯಿಗಳು ಬಿಡಿಯಾಗಿ ಬರುವುದು ಅಪರೂಪ. ಹಲವು ತಯಾರಕರ ಹತ್ತಾರು ಪೆಟ್ಟಿಗೆಗಳನ್ನು ಒಂದೇ ಗುಂಪಾಗಿ ಮಾರುತ್ತಾರೆ, ವಿವರಣೆಯಲ್ಲಿ ಎರಡು ಮೂರು ಹೆಸರು ಹಾಕಿ ‘ಇತ್ಯಾದಿ’ ಎಂದು ಮುಗಿಸುತ್ತಾರೆ. ಕಣ್ಣು ಪಳಗಿದವರಿಗೆ ಲಾಭವಾಗುವುದು ಆ ‘ಇತ್ಯಾದಿ’ಯಲ್ಲೇ. ಚಿತ್ರವನ್ನು ಹಿಗ್ಗಿಸಿ ಹಿಂದಿನ ಸಾಲಿನ ಪೀಠಗಳನ್ನೂ ಹುಬ್ಬುಗಳನ್ನೂ ನೋಡಿ, ನಿಮಗೆ ಬೇಕಾದ್ದು ಎಷ್ಟಿದೆ ಎಂದು ಎಣಿಸಿ, ಬೇಡದ್ದಕ್ಕೆ ಸೊನ್ನೆ ಬೆಲೆ ಹಾಕಿ ನಿಮ್ಮ ಮಿತಿಯನ್ನು ಕಾಗದದ ಮೇಲೆ ಬರೆಯಿರಿ. ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಶುಲ್ಕ ಸಾಮಾನ್ಯವಾಗಿ ಶೇ 20ಕ್ಕೂ ಹೆಚ್ಚು ಸೇರುತ್ತದೆ, ತೆರಿಗೆ, ಪ್ಯಾಕಿಂಗ್, ಅಂಚೆ ವೆಚ್ಚ ಬೇರೆ. ಗಟ್ಟಿ ಎರಕದ ಸಿಪಾಯಿಗಳು ಭಾರವಾದ್ದರಿಂದ ಐವತ್ತು ಸಿಪಾಯಿಗಳ ಅಂಚೆ ವೆಚ್ಚವೇ ಹಲವು ಬಾರಿ ಸಿಪಾಯಿಗಳ ಬೆಲೆಯನ್ನು ಮೀರುತ್ತದೆ.

ಸುಂಕವನ್ನು ಮರೆಯಬಾರದು. ಭಾರತ ಸರ್ಕಾರ ಆಟಿಕೆಗಳ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ತರಿಸುವ ದಿನ ಯಾವ ದರ ಜಾರಿಯಲ್ಲಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. 2021ರ ಜನವರಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದ್ದರಿಂದ ಪೊಟ್ಟಣದ ಮೇಲಿನ ವಿವರಣೆಯಲ್ಲಿ ಇದು ವಯಸ್ಕರ ಸಂಗ್ರಹದ ಲೋಹದ ಪ್ರತಿಮೆ, ಮಕ್ಕಳ ಆಟಿಕೆಯಲ್ಲ ಎಂದು ಕಳುಹಿಸುವವರು ಸ್ಪಷ್ಟವಾಗಿ ಬರೆಯಲಿ, ಬೆಲೆಯ ರಸೀದಿಯನ್ನು ಒಳಗೂ ಹೊರಗೂ ಇಡಲಿ. ಬೆಲೆಯನ್ನು ಕಡಿಮೆ ಬರೆಯುತ್ತೇವೆ ಎಂದು ಕೆಲವು ಮಾರಾಟಗಾರರು ಉಪಕಾರದ ದನಿಯಲ್ಲಿ ಹೇಳುತ್ತಾರೆ. ಒಪ್ಪಬೇಡಿ: ಅದು ಕಾನೂನಿಗೂ ವಿರುದ್ಧ, ಪೊಟ್ಟಣ ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗೇ ಸಿಗುತ್ತದೆ.

ಕಳುಹಿಸುವವರಿಗೆ ಪ್ಯಾಕಿಂಗ್ ಹೇಗಿರಬೇಕೆಂದು ನೀವೇ ಬರೆದು ತಿಳಿಸಿ. ಸಿಪಾಯಿಯನ್ನು ಮೊದಲು ಆಮ್ಲರಹಿತ ತೆಳು ಕಾಗದದಲ್ಲಿ ಸುತ್ತಬೇಕು, ಅದರ ಮೇಲೆ ಮಾತ್ರ ಗುಳ್ಳೆ ಪ್ಲಾಸ್ಟಿಕ್ ಬರಬೇಕು. ಗುಳ್ಳೆ ಪ್ಲಾಸ್ಟಿಕ್ ಹೊಳಪು ಬಣ್ಣಕ್ಕೆ ನೇರವಾಗಿ ತಾಗಿದರೆ ಸೆಕೆಯಲ್ಲಿ ವಾರಗಟ್ಟಲೆ ಕುಳಿತಾಗ ಉಂಗುರದಂಥ ಕಲೆಗಳು ಮೂಡುತ್ತವೆ, ಅವು ಹೋಗುವುದಿಲ್ಲ. ಈಟಿ, ಕತ್ತಿ, ಕುದುರೆಯ ಬಾಲ ಇವು ಮೊದಲು ಮುರಿಯುವ ಜಾಗಗಳಾದ್ದರಿಂದ ಸವಾರ ಬಿಡಿಸಲು ಬರುವಂಥವನಾಗಿದ್ದರೆ ಕುದುರೆಯಿಂದ ಬೇರ್ಪಡಿಸಿ ಸುತ್ತಲು ಹೇಳಿ.

ಪೆಟ್ಟಿಗೆಯ ವಿಚಾರ

ಪೆಟ್ಟಿಗೆಯನ್ನು ಸಿಪಾಯಿಯಷ್ಟೇ ಗೌರವದಿಂದ ನೋಡಬೇಕು. ಹಳೆಯ ಬ್ರಿಟನ್ಸ್‌ನ ನೆನಪಿಗಾಗಿ ಹಲವರು ಕೆಂಪು ಕಾಗದ ಅಂಟಿಸಿದ ರಟ್ಟಿನ ಪೆಟ್ಟಿಗೆಯನ್ನೇ ಬಳಸಿದರು; ಚೀಟಿಯನ್ನು ಬೆರಳಚ್ಚು ಯಂತ್ರದಲ್ಲೋ ಕೈಬರಹದಲ್ಲೋ ಬರೆದರು. ಗುರುತಿಲ್ಲದ ಸಿಪಾಯಿಗೆ ಈ ಚೀಟಿಯೇ ಜನ್ಮಪತ್ರಿಕೆ. ಚೀಟಿಯ ಮೇಲಿನ ವಿಳಾಸ ಬದಲಾಗಿರುವುದನ್ನು ಗಮನಿಸಿದರೆ ತಯಾರಕ ಊರು ಬದಲಿಸಿದ ಕಾಲವನ್ನು ಅಂದಾಜು ಮಾಡಬಹುದು. ಹೆಚ್ಚು ದುಡ್ಡು ಕೊಟ್ಟು ಪೆಟ್ಟಿಗೆಯಿರುವುದನ್ನೇ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ, ಆದರೆ ಒಬ್ಬೊಬ್ಬ ತಯಾರಕನದೂ ಒಂದಾದರೂ ಪೆಟ್ಟಿಗೆ ಹೋಲಿಕೆಗಾಗಿ ಇರಲಿ.

ನಾಲ್ಕನೆಯ ಹೆಜ್ಜೆ: ಕಾಪಾಡುವುದು

ಸೀಸವಿರುವ ವಸ್ತುವನ್ನು ಮುಟ್ಟಿದ ಮೇಲೆ ಕೈ ಸಾಬೂನಿನಲ್ಲಿ ತೊಳೆಯಬೇಕು, ಸಿಪಾಯಿಗಳಿರುವ ಮೇಜಿನ ಮೇಲೆ ಊಟ, ಚಹಾ ಇರಬಾರದು, ಚಿಕ್ಕ ಮಕ್ಕಳ ಕೈಗೆ ಎಂದಿಗೂ ಕೊಡಬಾರದು. ಹೊಳಪಿನ ಲೇಪ ಅಖಂಡವಾಗಿರುವವರೆಗೆ ನೋಡುವುದರಿಂದ, ಜಾಗರೂಕತೆಯಿಂದ ಹಿಡಿಯುವುದರಿಂದ ಭಯವಿಲ್ಲ. ಅಪಾಯವಿರುವುದು ಉದುರುವ ಬಣ್ಣದಲ್ಲಿ, ಗರಗಸದ ಅಥವಾ ಮರಳು ಕಾಗದದ ಧೂಳಿನಲ್ಲಿ ಮತ್ತು ಈಗ ಹೇಳುವ ಬಿಳಿ ಪುಡಿಯಲ್ಲಿ.

ಸೀಸಕ್ಕೆ ದೊಡ್ಡ ಶತ್ರು ನೀರಲ್ಲ, ಹುಳಿ ಆವಿ. ಕಚ್ಚಾ ಮರ, ಪ್ಲೈವುಡ್, ಎಂಡಿಎಫ್ ಹಲಗೆ, ಅಗ್ಗದ ರಟ್ಟು, ಪೂರ್ತಿ ಒಣಗದ ಬಣ್ಣ ಇವು ಅಸಿಟಿಕ್ ಆಮ್ಲದ ಆವಿಯನ್ನು ಸದಾ ಬಿಡುತ್ತಿರುತ್ತವೆ. ಮುಚ್ಚಿದ ಕಪಾಟಿನಲ್ಲಿ ಆ ಆವಿ, ತೇವ, ಗಾಳಿಯ ಇಂಗಾಲದ ಡೈಆಕ್ಸೈಡ್ ಮೂರೂ ಸೇರಿ ಸೀಸವನ್ನು ಬೂದಿಬಣ್ಣದ, ಆಮೇಲೆ ಬಿಳಿ ಪುಡಿಯಾಗುವ ಸೀಸದ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತವೆ. ಬಣ್ಣ ತೆಳುವಾಗಿರುವ ಪಾದದ ಅಂಚು, ಕುದುರೆಯ ಹೊಟ್ಟೆ, ಬಂದೂಕಿನ ತುದಿ ಇಲ್ಲಿ ಅದು ಮೊದಲು ಕಾಣಿಸಿಕೊಳ್ಳುತ್ತದೆ. ಸಂಗ್ರಾಹಕರಲ್ಲಿ ಕೆಲವರು ಇದನ್ನು ‘ತವರದ ರೋಗ’ ಎಂದು ಕರೆಯುತ್ತಾರೆ, ಅದು ತಪ್ಪು. ತವರ ಪುಡಿಯಾಗುವುದು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ದೀರ್ಘಕಾಲ ಇದ್ದಾಗ, ಕರ್ನಾಟಕದ ಯಾವ ಮನೆಯಲ್ಲೂ ಆ ಚಳಿ ನಿಲ್ಲುವುದಿಲ್ಲ. ಎರಕದಲ್ಲಿ ತವರದ ಪಾಲು ಹೆಚ್ಚಿದ್ದಷ್ಟೂ ಈ ಬಿಳಿ ಪುಡಿಯ ಬಾಧೆ ಕಡಿಮೆ.

ನಮ್ಮಲ್ಲಿ ಗಾಜಿನ ಬಾಗಿಲಿನ ಮರದ ಶೋಕೇಸು ಮನೆಗೊಂದು ಇರುತ್ತದೆ. ಅದರಲ್ಲಿ ಸೀಸದ ಸಿಪಾಯಿಗಳನ್ನು ನಿಲ್ಲಿಸಬೇಕೆಂಬ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು, ವಿಶೇಷವಾಗಿ ಅದು ಹೊಸದಾಗಿ ಮಾಡಿಸಿದ ಪ್ಲೈವುಡ್ಡಿನದಾಗಿದ್ದರೆ. ಪೌಡರ್ ಕೋಟಿಂಗ್ ಇರುವ ಉಕ್ಕಿನ ಕಪಾಟು, ಗಾಜಿನ ತಟ್ಟೆಗಳು, ಗಾಳಿಯಾಡಲು ಒಂದಿಷ್ಟು ಸಂದು, ಒಳಗೊಂದು ತೇವಮಾಪಕ ಇಷ್ಟಿದ್ದರೆ ಸಾಕು. ಬೆಂಗಳೂರು, ಧಾರವಾಡದಲ್ಲಿ ವರ್ಷದ ಬಹುಪಾಲು ಚಿಂತೆಯಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಚೀಲಗಳನ್ನಿಟ್ಟು ವಾರಕ್ಕೊಮ್ಮೆ ಬಿಸಿಮಾಡಿ ಒಣಗಿಸಬೇಕಾಗುತ್ತದೆ. ಪೆಟ್ಟಿಗೆಗಳನ್ನು ಸಿಪಾಯಿಗಳಿಂದ ಬೇರೆ ಕಡೆ ಇಡಿ. ಹಳೆಯ ರಟ್ಟೂ ಹುಳಿ ಆವಿ ಬಿಡುತ್ತದೆ. ಚೀಟಿಯ ಅಂಟಿಗೆ ಹುಳ ಬೀಳುತ್ತದೆಂದು ನುಸಿಗುಳಿಗೆ ಹಾಕಬೇಡಿ, ಅದರ ಆವಿ ಬಣ್ಣಕ್ಕೆ ಒಳ್ಳೆಯದಲ್ಲ. ಸ್ಪಂಜು ಮೆತ್ತೆಯೂ ಬೇಡ: ಕಾಲ ಕಳೆದಂತೆ ಅದು ಜಿಗುಟಾಗಿ ಹೊಳಪಿಗೆ ಅಂಟಿಕೊಳ್ಳುತ್ತದೆ.

ಬಿಳಿ ಪುಡಿ ಕಂಡ ಸಿಪಾಯಿಯನ್ನು ತಕ್ಷಣ ಉಳಿದವುಗಳಿಂದ ಬೇರ್ಪಡಿಸಿ, ಕೈಗವಸು ತೊಟ್ಟು, ಪುಡಿಯನ್ನು ಊದದೆ, ಒದ್ದೆ ಹತ್ತಿಯಿಂದ ಒರೆಸಿ ಹತ್ತಿಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಒಂದು ಸಿಪಾಯಿಯ ರೋಗ ಇನ್ನೊಂದಕ್ಕೆ ಅಂಟುವುದಿಲ್ಲ, ಆದರೆ ಒಂದಕ್ಕೆ ಬಂದಿದೆ ಎಂದರೆ ಆ ಕಪಾಟಿನ ಗಾಳಿಯೇ ಕೆಟ್ಟಿದೆ ಎಂದರ್ಥ, ಬದಲಾಯಿಸಬೇಕಾದ್ದು ಕಪಾಟು.

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಈ ಸಿಪಾಯಿಗಳನ್ನು ಮೆರವಣಿಗೆಯ ಸಾಲಿಗೆ ಸೇರಿಸುವ ಆಸೆ ಸಹಜ, ನಾನೂ ಸೇರಿಸುತ್ತೇನೆ. ಆದರೆ ಮಕ್ಕಳ ಕೈಗೆಟುಕದ ಮೇಲಿನ ಮೆಟ್ಟಿಲಿನಲ್ಲಿ, ಆರತಿಯ ಹೊಗೆ, ಎಣ್ಣೆ ದೀಪದ ಕಾಡಿಗೆ, ಹಾರುವ ಕುಂಕುಮ ಇವುಗಳಿಂದ ದೂರದಲ್ಲಿ ಇಡಬೇಕು. ಹೊಳಪು ಲೇಪದ ಮೇಲೆ ಕೂತ ಕುಂಕುಮವನ್ನು ಬೆರಳಿನಿಂದ ಉಜ್ಜಿದರೆ ಬಿಳಿ ಪಟ್ಟಿಗಳೆಲ್ಲ ನಸುಗೆಂಪಾಗುತ್ತವೆ. ಅದನ್ನು ಒಣಗಿದ ಮೃದು ಕುಂಚದಿಂದ ಮೇಲಿನಿಂದ ಕೆಳಕ್ಕೆ ಝಾಡಿಸಿ ತೆಗೆಯಬೇಕು. ಸಾಮಾನ್ಯ ಧೂಳಿಗೂ ಇದೇ ಕ್ರಮ. ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇವುಗಳ ಒಂದು ಹನಿ ಸಾಕು, ನಲವತ್ತು ವರ್ಷದ ಮುಖ ಅಳಿಸಿಹೋಗುತ್ತದೆ.

ದುರಸ್ತಿ

ಮುರಿದದ್ದನ್ನು ಕೂಡಿಸಬಹುದು, ಅಳಿಸಿದ್ದನ್ನು ತೀಡಬಾರದು. ನಾನು ಪಾಲಿಸುವ ನಿಯಮ ಇಷ್ಟೇ. ಕಳಚಿದ ತೋಳನ್ನು ಮುಂದೆ ಬಿಡಿಸಲು ಬರುವಂಥ ಅಂಟಿನಿಂದ ಕೂಡಿಸಿ. ಕಳೆದುಹೋದ ತಲೆ, ತೋಳುಗಳಿಗೆ ಡಾರ್ಸೆಟ್‌ನಂಥ ತಯಾರಕರು ಬಿಡಿಭಾಗಗಳನ್ನು ಮಾರುತ್ತ ಬಂದಿದ್ದಾರೆ. ಅಂಥ ಭಾಗ ಹಾಕಿದ ಸಿಪಾಯಿಯ ಪೀಠದ ಕೆಳಗೆ ಪೆನ್ಸಿಲಿನಲ್ಲಿ ದಿನಾಂಕದೊಂದಿಗೆ ಬರೆದಿಡಿ. ಬೆಸುಗೆ ಹಾಕುವ ಬಿಸಿ ಸಲಕರಣೆಯನ್ನು ಮಾತ್ರ ದೂರವಿಡಿ: ಸೀಸ 327 ಡಿಗ್ರಿಗೆ, ತವರ 232 ಡಿಗ್ರಿಗೆ ಕರಗುತ್ತದೆ, ಎರಡೂ ಬೆರೆತ ಲೋಹ ಇನ್ನೂ ಬೇಗ ಕರಗುತ್ತದೆ. ಕ್ಷಣ ತಪ್ಪಿದರೆ ತೋಳಿನ ಜೊತೆ ಭುಜವೂ ಹೋಗುತ್ತದೆ.

ಐದನೆಯ ಹೆಜ್ಜೆ: ಕಡತ

ಆರಂಭದಲ್ಲಿ ಹೇಳಿದಂತೆ ಈ ತಯಾರಕರ ದಾಖಲೆ ಬಹಳ ಕಡಿಮೆ. ಹಾಗಾಗಿ ಪ್ರತಿಯೊಬ್ಬ ಸಂಗ್ರಾಹಕನ ಕಡತವೂ ಒಂದು ಮೂಲ ದಾಖಲೆಯಾಗುತ್ತದೆ. ಪ್ರತಿ ಸಿಪಾಯಿಗೂ ಒಂದು ಕ್ರಮಸಂಖ್ಯೆ ಕೊಟ್ಟು ತೂಕ, ಎತ್ತರ, ಪೀಠದ ಗುರುತು, ಹಸಿರಿನ ಛಾಯೆ, ತೋಳಿನ ಜೋಡಣೆ, ಹುಬ್ಬಿನ ಬಗೆ, ಪೆಟ್ಟಿಗೆಯ ಚೀಟಿಯ ಅಕ್ಷರಶಃ ಪ್ರತಿ, ಎಲ್ಲಿಂದ ಯಾವ ದಿನ ಎಷ್ಟಕ್ಕೆ ಕೊಂಡದ್ದು, ಏನಾದರೂ ದುರಸ್ತಿಯಾಗಿದ್ದರೆ ಅದು ಇಷ್ಟನ್ನೂ ಬರೆಯಿರಿ. ಮುಂದಿನಿಂದ, ಹಿಂದಿನಿಂದ, ಪೀಠದ ಕೆಳಗಿನಿಂದ, ಮುಖಕ್ಕೆ ಹತ್ತಿರದಿಂದ ನಾಲ್ಕು ಚಿತ್ರಗಳಿರಲಿ, ಎಲ್ಲವೂ ಕಿಟಕಿಯ ಹಗಲು ಬೆಳಕಿನಲ್ಲಿ, ಒಂದೇ ಬೂದು ಹಾಳೆಯ ಮುಂದೆ. ತಯಾರಕ ಯಾರೆಂಬ ಜಾಗದಲ್ಲಿ ‘ಖಚಿತ’, ‘ಸಂಭಾವ್ಯ’, ‘ಊಹೆ’ ಎಂಬ ಮೂರು ಪದಗಳಲ್ಲಿ ಒಂದನ್ನು ಸೇರಿಸುವುದು ನನ್ನ ಪದ್ಧತಿ. ನನ್ನ ಕಡತದಲ್ಲಿ ಊಹೆ ಎಂದು ಬರೆದಿದ್ದ ಒಬ್ಬ ನಗಾರಿ ಬಾರಿಸುವವನಿಗೆ ಒಂಬತ್ತು ವರ್ಷಗಳ ನಂತರ ಅದೇ ಹಸಿರಿನ, ಅದೇ ಬಿಲ್ಲು ಹುಬ್ಬಿನ ಜೊತೆಗಾರನೊಬ್ಬ ಚೀಟಿಯಿದ್ದ ಪೆಟ್ಟಿಗೆಯ ಸಮೇತ ಸಿಕ್ಕಿದ. ಆ ದಿನ ಊಹೆ ಎಂಬ ಪದವನ್ನು ಹೊಡೆದು ಹಾಕಿ ಪಕ್ಕದಲ್ಲಿ ದಿನಾಂಕ ಬರೆದೆ. ಹೊಡೆದ ಪದ ಮಾತ್ರ ಓದಲು ಬರುವಂತೆ ಹಾಗೆಯೇ ಇದೆ.